ವಿನುಯೇತೆಗೆ ಅಂಟಿಸಿದ ಮೀಸೆ

ತ್ಸುಕುಬಾದಲ್ಲಿ ನಾವಿದ್ದದ್ದು ವಿದೇಶಿ ಸಂಶೋಧಕರಿಗೆಂದೇ ಕಟ್ಟಿದ ವಸತಿಗೃಹದಲ್ಲಿ. ನಮ್ಮ ಯಜಮಾನರು ಅಲ್ಲೇ ಒಂದು ಸಂಸ್ಥೆಯಲ್ಲಿ ಸಂಶೋಧನೆ ಮಾಡುತ್ತಿದ್ದರು, ಸೈಕಲ್ಲಿನಲ್ಲಿ ಹೋಗಿ ಸೈಕಲ್ಲಿನಲ್ಲಿ ಬರುತ್ತಿದ್ದರು. ನಾನು ಮಾತ್ರ ದಿನಾ ಹೆದ್ದಾರಿ ಬಸ್ಸು ಹತ್ತಿ ಟೋಕಿಯೋಗೆ ಹೋಗಬೇಕಿತ್ತು. ಆಗಿನ್ನೂ ಆ ಊರಿಗೆ ರೈಲು ಬಂದಿರಲಿಲ್ಲ. ಬೆಂಗಳೂರಿನ ನಮ್ಮ ಕಂಪನಿ ನನ್ನನ್ನು ಜಪಾನಿಗೆ ಕಳಿಸಿದ್ದು ವೈ-ಟು-ಕೆ ಕೆಲಸಕ್ಕೆ. ಎರಡು ಸೊನ್ನೆಗೆ ಹೆದರಿ ಬ್ಯಾಂಕು, ವಿಮೆ, ವಿದ್ಯುತ್ತು ಎಲ್ಲವೂ ನಮ್ಮಂಥವರನ್ನು ಕರೆಸಿಕೊಂಡಿದ್ದ ಕಾಲ. ಹೊಸ ವರ್ಷ ಬಂತು, ಹೋಯಿತು, ಯಾವ ಕಂಪ್ಯೂಟರೂ ಸಾಯಲಿಲ್ಲ. ಕೆಲಸ ಮುಗಿದ ನಮ್ಮನ್ನೆಲ್ಲ ಏನು ಮಾಡುವುದೆಂದು ತಿಳಿಯದೆ ಬೇರೆ ಬೇರೆ ಗಿರಾಕಿಗಳ ಹತ್ತಿರ ಹಂಚಿಬಿಟ್ಟರು. ನನ್ನ ಪಾಲಿಗೆ ಬಂದದ್ದು ಮೊಬೈಲ್ ಫೋನಿಗೆ ರಿಂಗ್‌ಟೋನ್ ಮಾರುವ ಒಂದು ಕಂಪನಿ.

ಈಗ ಹೇಳಿದರೆ ನಗು ಬರುತ್ತದೆ, ಆದರೆ ಆಗ ಅದು ದೊಡ್ಡ ವ್ಯಾಪಾರ. ಚಾಕುಮೆರೋ ಅಂತ ಅದಕ್ಕೆ ಹೆಸರು. ಶಾಲೆಯ ಹುಡುಗಿಯರಿಂದ ಹಿಡಿದು ಕೋಟು ಹಾಕಿದ ಮುದುಕರವರೆಗೆ ಎಲ್ಲರೂ ವಾರಕ್ಕೊಂದು ಹೊಸ ರಾಗವನ್ನು ಫೋನಿಗೆ ಇಳಿಸಿಕೊಳ್ಳುತ್ತಿದ್ದರು. ಯಾವ ಹಾಡಾದರೂ ಸರಿ, ಅದನ್ನು ಚಿಕ್ಕ ಚಿಕ್ಕ ಪೀಪಿ ಸದ್ದುಗಳಾಗಿ ಕತ್ತರಿಸಿ ಫೋನಿನೊಳಗೆ ತುರುಕುವುದು. ಆ ತುರುಕುವ ಸಾಫ್ಟ್‌ವೇರನ್ನು ನೋಡಿಕೊಳ್ಳುವುದು ನನ್ನ ಕೆಲಸ. ದಿನವಿಡೀ ಹೆಡ್‌ಫೋನ್ ಹಾಕಿಕೊಂಡು ಅದನ್ನೇ ಕೇಳಿ ಕೇಳಿ, ಸಂಜೆ ಮನೆಗೆ ಬಂದರೆ ಕಿವಿಯಲ್ಲಿ ಸೊಳ್ಳೆ ಹೊಕ್ಕ ಹಾಗಿರುತ್ತಿತ್ತು.

ಆ ಸೊಳ್ಳೆಯನ್ನು ಓಡಿಸಲೆಂದೇ ನಾನು ಪಿಟೀಲನ್ನು ಪೆಟ್ಟಿಗೆಯಿಂದ ಹೊರಗೆ ತೆಗೆದದ್ದು. ಮೈಸೂರಿನಲ್ಲಿ ಚಿಕ್ಕಂದಿನಿಂದ ಕಲಿತಿದ್ದೆ. ಮದುವೆ, ಕೆಲಸ ಅಂತ ಬಿಟ್ಟೇಹೋಗಿತ್ತು. ಒಂದು ಭಾನುವಾರ ಮಧ್ಯಾಹ್ನ ನೆಲದ ಮೇಲೆ ಕೂತು ಶಂಕರಾಭರಣದ ಸರಳೆ ನುಡಿಸುತ್ತಿದ್ದಾಗ ಬಾಗಿಲು ತಟ್ಟಿದರು. ಗಲಾಟೆ ಅಂತ ದೂರಲು ಬಂದರೇನೋ ಎಂದು ಮೊದಲೇ 'ಸುಮಿಮಾಸೆನ್', ಕ್ಷಮಿಸಿ, ಎನ್ನುತ್ತಾ ಬಾಗಿಲು ತೆಗೆದೆ. ಮೇಲಿನ ಮನೆಯ ಮೆಕ್ಸಿಕೋದ ಹೆಂಗಸು ನಿಂತಿದ್ದಳು, ಒಗೆದ ಬಟ್ಟೆಯ ಬುಟ್ಟಿಯನ್ನು ಸೊಂಟಕ್ಕಿಟ್ಟುಕೊಂಡು.

"ನೀನು ನಿಲ್ಲಿಸಬೇಡ. ನನಗೆ ಪಿಟೀಲಿನವರು ಬೇಕು. ಎಷ್ಟು ದಿನದಿಂದ ಹುಡುಕ್ತಿದ್ದೀನಿ," ಅಂದಳು.

ಅವಳು ಭೂಕಂಪ ತಡೆದುಕೊಳ್ಳುವ ಕಟ್ಟಡಗಳ ಎಂಜಿನಿಯರು. ನನಗಿಂತ ಏಳೆಂಟು ವರ್ಷ ದೊಡ್ಡವಳು. ನಾನು ಅಕ್ಕ ಅಂದೆ, ಅರ್ಥ ಕೇಳಿ ತಿಳಿದುಕೊಂಡ ಮೇಲೆ ಬೇರೆ ಯಾವ ಹೆಸರಿನಿಂದ ಕರೆದರೂ ತಿರುಗುತ್ತಿರಲಿಲ್ಲ. ನಮ್ಮಿಬ್ಬರ ಮಾತು ಅರ್ಧ ಇಂಗ್ಲಿಷು, ಅರ್ಧ ತಪ್ಪು ಜಪಾನೀ.

ಅವಳ ಊರು ಮೆಕ್ಸಿಕೋದ ಈಶಾನ್ಯದ ಹುಆಸ್ತೇಕಾ ಎಂಬ ಸೀಮೆ. ಅಲ್ಲಿಯದೇ ಒಂದು ಸಂಗೀತವಿದೆ. ಮೂರೇ ಜನ ಸಾಕು: ಒಂದು ಪಿಟೀಲು, ಹರಾನಾ ಎಂಬ ಪುಟ್ಟ ಗಿಟಾರು, ಜೊತೆಗೆ ಹೊಟ್ಟೆ ದಪ್ಪಗಿರುವ ಇನ್ನೊಂದು ದೊಡ್ಡ ಗಿಟಾರು. ಹಾಡುವವರು ಇದ್ದಕ್ಕಿದ್ದಂತೆ ಗಂಟಲು ಒಡೆದವರ ಹಾಗೆ ಕಳ್ಳದನಿಗೆ ಹಾರಿ ಮತ್ತೆ ಇಳಿಯುತ್ತಾರೆ. ಮರದ ಹಲಗೆಯ ಮೇಲೆ ಕುಣಿಯುವವರು ಹಾಡು ಬಂದಾಗ ಮೆಲ್ಲಗೆ ಹೆಜ್ಜೆ ಹಾಕಿ, ಪಿಟೀಲು ಬಂದಾಗ ಹಲಗೆ ಮುರಿಯುವಂತೆ ಕುಟ್ಟುತ್ತಾರೆ. ಅವಳ ಊರಲ್ಲೂ ಅದು ಮುದುಕರ ಜೊತೆ ಹೋಗುತ್ತಿತ್ತಂತೆ. ಈಗ ಒಂದಷ್ಟು ಜನ ಮುದುಕರ ಮನೆಗಳಿಗೆ ಹೋಗಿ ಕೂತು, ಕಲಿತು, ಹೊಸ ಪದ್ಯ ಕಟ್ಟಿ ಮತ್ತೆ ಹಾಡುತ್ತಿದ್ದಾರೆ. ಅವರಲ್ಲಿ ತಾನೂ ಒಬ್ಬಳು, ಜಪಾನಿಗೆ ಬಂದ ಮಾತ್ರಕ್ಕೆ ಬಿಡಲು ಆಗುವುದಿಲ್ಲ, ಅಂದಳು. ದೊಡ್ಡ ಗಿಟಾರಿಗೆ ಒಬ್ಬರು ಆಗಲೇ ಸಿಕ್ಕಿದ್ದರು. ತ್ಸುಕುಬಾದ ಮಾಧ್ಯಮಿಕ ಶಾಲೆಯ ಸಮಾಜವಿಜ್ಞಾನದ ಮೇಷ್ಟ್ರು. ಎಲ್ಲರೂ ಸೆನ್ಸೇ ಅನ್ನುತ್ತಿದ್ದರು. ರಜೆ ಸಿಕ್ಕಾಗಲೆಲ್ಲ ಹುಆಸ್ತೇಕಾಕ್ಕೆ ಹೋಗಿಬಂದವರು, ಗಡ್ಡವಿಲ್ಲದ ಋಷಿಯಂಥ ಮನುಷ್ಯ.

ಶನಿವಾರಗಳಂದು ಕೋಮಿನ್‌ಕಾನಿನಲ್ಲಿ, ಅಂದರೆ ಬಡಾವಣೆಯ ಸಮುದಾಯ ಭವನದಲ್ಲಿ, ನಮ್ಮ ಅಭ್ಯಾಸ. ನಾನು ದಿಂಬು ಹಾಕಿಕೊಂಡು ನೆಲಕ್ಕೆ ಕೂತು, ಪಿಟೀಲಿನ ತಲೆಯನ್ನು ಕಾಲಿಗೆ ಊರಿ ನುಡಿಸುವುದನ್ನು ನೋಡಿ ಸೆನ್ಸೇ ಮುಖ ಸಣ್ಣ ಮಾಡಿದರು. ಅಕ್ಕ ನಕ್ಕಳು. "ನನ್ನ ಸೋದರಮಾವ ಎದೆಗೆ ಒತ್ತಿ ಹಿಡೀತಿದ್ದ. ಗದ್ದಕ್ಕೆ ಇಡೋದು ಪಟ್ಟಣದವರು. ಇವಳು ಕಾಲಿಗೆ ಇಡಲಿ ಬಿಡಿ." ನಾನು ಗಮಕ ಹಾಕಿದರೆ ಸೆನ್ಸೇಗೆ ಸಹಿಸದು. "ಸ್ವರ ಅಲ್ಲಾಡಬಾರದು," ಎನ್ನುತ್ತಿದ್ದರು. "ಮಾವನ ಕೈ ಕುಡಿದು ಕುಡಿದು ನಡುಗ್ತಿತ್ತು, ಸ್ವರವೂ ನಡುಗ್ತಿತ್ತು," ಎನ್ನುತ್ತಿದ್ದಳು ಅಕ್ಕ. ಹೀಗೆ ಜಗಳವಾಡುತ್ತಲೇ ಆ ಸಂಗೀತ ನಮ್ಮ ಮೂವರದ್ದೂ ಆಯಿತು. ಅಲ್ಲಿಯ ರೂಢಿ ಏನೆಂದರೆ ಹಳೆಯ ಮಟ್ಟಿಗೆ ಆಗಿಂದಾಗಲೇ ಪದ್ಯ ಕಟ್ಟಿ ಹಾಡಬೇಕು, ಒಬ್ಬರು ಹಾಡಿದ ಸಾಲನ್ನು ಇನ್ನೊಬ್ಬರು ಎತ್ತಿಕೊಳ್ಳಬೇಕು. ಸೆನ್ಸೇ ಜಪಾನಿಯಲ್ಲಿ ಕಟ್ಟಿದರು. ನನ್ನನ್ನೂ ಬಿಡಲಿಲ್ಲ. ತ್ಸುಕುಬಾದ ಬೆಟ್ಟದಿಂದ ಚಳಿಗಾಲದಲ್ಲಿ ಬೀಸುವ ಗಾಳಿ ಭಯಂಕರ. ನನಗೆ ಅದೇ ಸಿಕ್ಕಿತು.

ಬೆಟ್ಟದ ಬಿರುಗಾಳಿ ಬಟ್ಟೆಯ ಒಣಗಿಸದು
ಕಟ್ಟಿಟ್ಟ ಸೈಕಲ್ಲ ಕೆಡವೀತು, ನನ್ನೂರ
ರೊಟ್ಟಿಯ ನೆನಪ ಕೆಣಕೀತು

ಅಕ್ಕ ಈ ಸಾಲುಗಳನ್ನು ಎತ್ತಿಕೊಂಡು ಕಳ್ಳದನಿಯಲ್ಲಿ 'ರೋತ್ತಿಯಾ' ಎಂದು ಹಾರಿದಾಗ ನಾನು ನಗು ತಡೆಯಲಾರದೆ ಕಮಾನು ಕೈಬಿಟ್ಟಿದ್ದೆ.

ಒಂದು ಶನಿವಾರ ಅವಳು ಬೇರೆ ಥರದ ಒಂದು ರಾಗ ಕಲಿಸಿದಳು. ಮಾವ ನುಡಿಸಿದ್ದ ಕ್ಯಾಸೆಟ್ ತಂದಿದ್ದಳು. ಹಾಡಿಲ್ಲ, ಬರೀ ವಾದ್ಯ. ಕೇಳಲು ಬಹಳ ಸಿಹಿ, ತೊಟ್ಟಿಲು ತೂಗಿದ ಹಾಗೆ ಹಗುರ. ಶಂಕರಾಭರಣದ ಸ್ವರಗಳೇ. ನಾನು ಕೇಳಿದ ಕೂಡಲೇ ನುಡಿಸಿಬಿಟ್ಟೆ.

"ಇದಕ್ಕೆ ವಿನುಯೇತೆ ಅಂತಾರೆ," ಅಂದಳು. "ಪುಟ್ಟ ಮಕ್ಕಳು ತೀರಿಹೋದರೆ ಮೈ ಪಕ್ಕ ಕೂತು ನುಡಿಸೋದು."

ನನ್ನ ಕೈ ನಿಂತಿತು. ಅವಳೇ ಹೇಳಿದಳು. ಅವಳ ತಮ್ಮ, ಇನ್ನೂ ನಡೆಯಲು ಬಾರದ ಕೂಸು, ಭೇದಿಯಾಗಿ ಹೋಗಿಬಿಟ್ಟ. ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ, ಕಾಗದದ ಹೂವಿನ ಕಿರೀಟ ಇಟ್ಟು ಮಲಗಿಸಿದ್ದರಂತೆ. ಕೂಸು ದೇವದೂತನಾಗಿ ಹಾರಿಹೋಗುತ್ತದೆ, ಆದ್ದರಿಂದ ಅಳಬಾರದು. ತಾಯಿಯ ಕಣ್ಣೀರು ಬಿದ್ದರೆ ರೆಕ್ಕೆ ಒದ್ದೆಯಾಗಿ ಹಾರಲಾಗುವುದಿಲ್ಲ. ಅದಕ್ಕೇ ರಾಗ ಅಷ್ಟು ಹಗುರ.

"ಅಮ್ಮ ಅಳಲಿಲ್ಲ," ಅಂದಳು ಅಕ್ಕ. "ಒಲೆ ಮುಂದೆ ಕೂತು ಜೋಳದ ರೊಟ್ಟೀನ ಬರಿಗೈಯಲ್ಲಿ ತಿರುವುತ್ತಾನೇ ಇದ್ದಳು. ಬೆರಳೆಲ್ಲ ಸುಟ್ಟುಕೊಂಡಿದ್ದಳು, ಆಮೇಲೆ ನೋಡಿದ್ವಿ."

ರಾಗದ ಕೊನೆಯಲ್ಲಿ ಒಂದು ಇಳಿಯುವ ಸಾಲಿದೆ. ಮಾವ ಅದನ್ನು 'ಮಗುವನ್ನ ಇಳಿಸೋ ಜಾಗ' ಅನ್ನುತ್ತಿದ್ದನಂತೆ. ಅಲ್ಲಿ ಅವಸರ ಮಾಡಬಾರದು ಅಂತ ನನಗೆ ಮತ್ತೆ ಮತ್ತೆ ಹೇಳಿದಳು.

ಆ ಶರತ್ಕಾಲದಲ್ಲಿ ಊರಿನ ಸಭಾಂಗಣದಲ್ಲಿ ವಿದೇಶಿಯರ ಸ್ನೇಹ ಉತ್ಸವ ನಡೆಯಿತು. ನನ್ನ ಹೇಸಿಗೆ ಶುರುವಾದದ್ದು ಅಲ್ಲಿಂದ. ನಾವು ತಯಾರಾಗುತ್ತಿದ್ದಾಗ ವ್ಯವಸ್ಥಾಪಕಿಯೊಬ್ಬರು ಮೂರು ದೊಡ್ಡ ಟೋಪಿ ಹೊತ್ತು ತಂದರು. ಅಗಲ ಅಂಚಿನ, ಮಿರಿಮಿರಿ ಜರಿಯ ಬಾಡಿಗೆ ಟೋಪಿಗಳು. ಒಳಗಿನ ಪಟ್ಟಿ ಯಾರ್ಯಾರದೋ ಬೆವರು ಕುಡಿದು ಕಪ್ಪಾಗಿತ್ತು. ಹಳೇ ತಲೆದಿಂಬಿನ ವಾಸನೆ.

ಸೆನ್ಸೇ ತುಂಬ ವಿನಯದಿಂದ ಹೇಳಿದರು, "ಹುಆಸ್ತೇಕಾದ ಕಡೆ ಇಂಥ ಟೋಪಿ ಹಾಕೋದಿಲ್ಲ."

"ಹೌದಾ? ಆದರೆ ಪೋಸ್ಟರಿನಲ್ಲಿ ಟೋಪಿ ಇದೆ," ಎಂದರು ಆಕೆ, ಅಷ್ಟೇ ವಿನಯದಿಂದ. ಆಮೇಲೆ ನನ್ನ ಸೀರೆ ನೋಡಿ, "ಭಾರತದವರು ಸ್ವಲ್ಪ ಹಿಂದೆ ಕೂತರೆ ಫೋಟೋ ಚೆನ್ನಾಗಿ ಬರುತ್ತೆ," ಅಂದರು.

ಟೋಪಿ ಹಾಕಲಿಲ್ಲ, ಹಿಂದೆಯೂ ಕೂರಲಿಲ್ಲ. ಆದರೆ ಆಕೆ ಬಿಡಬೇಕಲ್ಲ, ಅವನ್ನು ನಮ್ಮ ಮುಂದೆ ವೇದಿಕೆಯ ಅಂಚಿನಲ್ಲಿ ಸಾಲಾಗಿ ಜೋಡಿಸಿಬಿಟ್ಟರು. ನಾವು ನುಡಿಸುತ್ತಿದ್ದರೆ ಜನ, ಎಲ್ಲರಿಗೂ ಗೊತ್ತಿರುವ ಆ ಒಂದು ಮೆಕ್ಸಿಕೋ ಹಾಡು ಬರಲಿ ಎಂದು ಕೂಗು ಹಾಕುತ್ತಿದ್ದರು. ಕೊನೆಗೆ ಅಕ್ಕ ಎದ್ದು ನಿಂತು, ತನ್ನ ಮುರುಕು ಜಪಾನಿಯಲ್ಲಿ, ನಮ್ಮೂರಿನಲ್ಲಿ ಸತ್ತವರನ್ನು ನೆನೆಯುವ ಕಾಲ ಇದು, ಈಗ ನುಡಿಸುವುದು ಸತ್ತ ಮಕ್ಕಳಿಗಾಗಿ, ಎಂದು ಬಿಡಿಸಿ ಹೇಳಿದಳು. ಸಭೆ ತಣ್ಣಗಾಯಿತು. ನುಡಿಸಿದೆವು. ಮುಂದಿನ ಸಾಲಿನ ಒಬ್ಬ ಅಜ್ಜಿ ಕೈಮುಗಿದು ಕೂತಿದ್ದರು. ಅವತ್ತು ಒಳ್ಳೆಯದು ಅಂತ ನನಗೆ ಸಿಕ್ಕಿದ್ದು ಅದೊಂದೇ.

ಆ ಸಭೆಯಲ್ಲಿ ನಮ್ಮ ಆಫೀಸಿನ ಬುಚೋ ಸಾನ್ ಕೂಡ ಇದ್ದರು. ಬುಚೋ ಅಂದರೆ ವಿಭಾಗದ ಮುಖ್ಯಸ್ಥ. ಅವರ ಅತ್ತೆಮನೆ ಹತ್ತಿರದ ಊರಿನಲ್ಲಿತ್ತು. ಮುಗಿದ ಮೇಲೆ ಹತ್ತಿರ ಬಂದು ಬಗ್ಗಿ, "ತುಂಬ ಮುದ್ದಾದ ರಾಗ," ಅಂದರು. ಕೈಯಲ್ಲಿ ಪುಟ್ಟ ಮಿನಿಡಿಸ್ಕ್ ರೆಕಾರ್ಡರ್ ಇತ್ತು. ಮನೆಯವರಿಗೆ ಕೇಳಿಸಲು ಇರಬಹುದು ಅಂದುಕೊಂಡೆ.

ಆಮೇಲೆ ಕೆಲವು ವಾರ ಕಳೆದಿರಬಹುದು. ಬೆಳಗಿನ ಟೋಕಿಯೋ ಬಸ್ಸು. ಎಲ್ಲರೂ ತೂಕಡಿಸುತ್ತಿದ್ದರು. ನನ್ನ ಮುಂದಿನ ಸೀಟಿನಲ್ಲಿ ದಪ್ಪ ಕುತ್ತಿಗೆಯವನೊಬ್ಬ ಬಾಯಿ ತೆರೆದು ಮಲಗಿದ್ದ. ಅವನ ಕೋಟಿನ ಜೇಬಿನಿಂದ ವಿನುಯೇತೆ ಬಂತು.

ಮೊದಲು ನನ್ನ ತಲೆಯೊಳಗೆ ಬರುತ್ತಿದೆ ಅನ್ನಿಸಿತು. ಇಲ್ಲ, ಜೇಬಿನೊಳಗಿಂದಲೇ. ಪೀಪಿ ಸದ್ದಿನಲ್ಲಿ, ಎರಡು ಪಟ್ಟು ವೇಗದಲ್ಲಿ, ಹಿಂದೆ ಟಿಕ್ ಟಿಕ್ ಅಂತ ಡೋಲಿನ ಸದ್ದು ಬೇರೆ ಸೇರಿಸಿದ್ದರು. ಇಳಿಯುವ ಸಾಲು ಬರುವ ಮುಂಚೆಯೇ ಕಡಿದು ಮತ್ತೆ ಮೊದಲಿಂದ ಶುರು. ಅವನು ಏಳಲಿಲ್ಲ. ಅದು ಬಾರಿಸುತ್ತಲೇ ಹೋಯಿತು. ಎತ್ತಿಕೊಂಡ ಮಗುವನ್ನು ಇಳಿಸಲು ಬಿಡದೆ ಮತ್ತೆ ಮತ್ತೆ ಎತ್ತಿ ಎತ್ತಿ ಕುಣಿಸಿದ ಹಾಗೆ. ಕರ್ಚೀಫು ಬಾಯಿಗೆ ಒತ್ತಿಕೊಂಡು ಕಿಟಕಿಗೆ ಹಣೆ ಹಚ್ಚಿ ಕೂತೆ. ಅವನು ಕೊನೆಗೆ ಎಚ್ಚರಗೊಂಡು, ಜೇಬಿನಿಂದ ಫೋನ್ ತೆಗೆದು, ತೇಗಿ, "ಮೋಶಿಮೋಶಿ" ಎಂದ.

ಆಫೀಸಿಗೆ ಹೋದವಳೇ ನಮ್ಮ ಟೀಮಿನ ಲೀಡ್ ಹತ್ತಿರ ನಿಂತೆ. ಅವನು ಬೆಂಗಳೂರಿನ ಜಯನಗರದವನು, ನನ್ನ ಜೊತೆಯೇ ಬಂದವನು. ಕೊಂಬಿನಿ ಅಂಗಡಿಯಿಂದ ತಂದ ಮೊಟ್ಟೆ ಸ್ಯಾಂಡ್‌ವಿಚ್ ತಿನ್ನುತ್ತಿದ್ದ.

"ಆ ಮೆಕ್ಸಿಕೋ ಟ್ಯೂನು ಯಾರು ಹಾಕಿದ್ದು?"

"ಬುಚೋ ಸಾನ್ ಮಿನಿಡಿಸ್ಕ್ ತಂದ್ಕೊಟ್ರು. ಡೇಟಾ ಟೀಮಿನ ಹುಡುಗಿ ಕೇಳ್ಕೊಂಡು ಎಂಟರ್ ಮಾಡಿದ್ಲು. ನೀವೇ ನುಡ್ಸಿದ್ದಂತಲ್ಲ ಮೇಡಂ? ಸೂಪರ್ ಹಿಟ್. ಈ ವಾರದ ಟಾಪ್ ಲಿಸ್ಟಲ್ಲಿದೆ."

ತೆರೆಯ ಮೇಲೆ ತೋರಿಸಿದ. 'ತನೋಶೀ ಮೆಕಿಶಿಕೋ' ಅಂತ ಹೆಸರು. ಖುಷಿಯ ಮೆಕ್ಸಿಕೋ. ಪಕ್ಕದಲ್ಲಿ ಮೀಸೆ ಬಿಟ್ಟ ಪಾಪಾಸುಕಳ್ಳಿಯ ಒಂದು ಚಿತ್ರ.

"ಅದು ಸತ್ತ ಮಗುವಿನ ಪಕ್ಕ ಕೂತು ನುಡ್ಸೋದು ಕಣ್ರೀ."

"ಹೌದಾ? ಕೇಳೋಕೆ ಹಾಗನ್ಸಲ್ವಲ್ಲ. ಜಾಲಿಯಾಗಿದೆ."

"ನಮ್ಮಲ್ಲಿ ಚಟ್ಟದ ಮುಂದೆ ಊದೋ ಶಂಖಾನ ಯಾರಾದ್ರೂ ಮನೆ ಕಾಲಿಂಗ್ ಬೆಲ್ಲಿಗೆ ಹಾಕ್ಕೊಂಡ್ರೆ ಸುಮ್ನಿರ್ತೀರಾ?"

ಅವನು ತುಟಿಯ ಮೇಲಿನ ಮೊಟ್ಟೆಯ ಹಳದಿಯನ್ನು ನಾಲಿಗೆಯಿಂದ ಒರೆಸಿಕೊಂಡ. "ನೀವು ಹೇಳೋದು ಸರಿ ಮೇಡಂ. ಆದ್ರೆ ನಮಗ್ಯಾಕೆ? ನಮ್ಮ ಹಾಡಲ್ಲ, ಅವರ ಹಾಡೂ ಅಲ್ಲ. ಕ್ಲೈಂಟ್ ಮುಂದೆ ಸೀನ್ ಮಾಡ್ಬೇಡಿ, ಇಬ್ರದ್ದೂ ವೀಸಾ ರಿನ್ಯೂವಲ್ ಇದೆ."

ಆ ಹಳದಿ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ.

ಬುಚೋ ಸಾನ್ ಹತ್ತಿರ ಹೋದೆ. ಆತ ಕೆಟ್ಟವರಲ್ಲ, ನನಗೆ ಜ್ವರ ಬಂದಾಗ ಮನೆಗೆ ಹಣ್ಣು ಕಳಿಸಿದ ಮನುಷ್ಯ. ನಾನು ಹೇಳುವುದನ್ನು ಪೂರ್ತಿ ಕೇಳಿದರು. ಪ್ರತಿ ವಾಕ್ಯಕ್ಕೂ ತಲೆ ಆಡಿಸಿದರು.

"ಸುಮಿಮಾಸೆನ್. ಆದರೆ ಇದು ಹಳೆಯ ಜಾನಪದ. ಬರೆದವರು ಯಾರೂ ಇಲ್ಲ. ಅನುಮತಿ ಕೇಳಬೇಕು ಅಂದರೆ ಯಾರನ್ನ ಕೇಳೋದು?"

"ನನ್ನನ್ನ ಕೇಳಬಹುದಿತ್ತು. ನಾನು ಇಲ್ಲೇ, ಈ ಕುರ್ಚಿಯಲ್ಲೇ ಕೂತಿರ್ತೀನಿ."

"ಹೌದು. ಹೌದು. ನಿಜ," ಎಂದು ಮತ್ತೆ ಬಗ್ಗಿದರು. ತಲೆ ಎತ್ತಿದಾಗ ಅವರ ಮುಖದಲ್ಲಿ ಹೊಸ ಕಳೆ ಬಂದಿತ್ತು. "ಹಾಗಾದರೆ ನಮ್ಮ ಹೊಸ ಸೇವೆಯ ಉದ್ಘಾಟನೆಯ ಪಾರ್ಟಿಗೆ ನಿಮ್ಮ ತಂಡಾನೇ ಬರಬೇಕು. ಅಸಲಿ ಸಂಗೀತ ಎಲ್ಲರೂ ಕೇಳಲಿ."

ಶನಿವಾರ ಕೋಮಿನ್‌ಕಾನಿನಲ್ಲಿ ಇದನ್ನು ಹೇಳಿದೆ. ಸೆನ್ಸೇ ಕಿವಿವರೆಗೆ ಕೆಂಪಾದರು. ತಾನು ಜಪಾನೀಯನಾಗಿರುವುದಕ್ಕೆ ನಾಚಿಕೆಯಾಗುತ್ತಿದೆ ಅಂದರು. ಅಕ್ಕ ಹರಾನಾದ ತಂತಿ ಬಿಗಿಯುತ್ತಾ ಕೂತಳು. ಅವಳು ಅಳುತ್ತಾಳೆ ಅಥವಾ ಬೈಯುತ್ತಾಳೆ ಅಂದುಕೊಂಡಿದ್ದೆ. ಅವಳು, "ಹೋಗೋಣ," ಅಂದಳು.

"ಅಲ್ಲಿಗಾ? ಆ ಜನಗಳ ಮುಂದೆ?"

"ಅವರಿಗೆ ಗೊತ್ತಿಲ್ಲ. ಗೊತ್ತಿಲ್ಲದವರಿಗೆ ಹೇಳಬೇಕು. ಉತ್ಸವದಲ್ಲಿ ಹೇಳಿದಾಗ ಆ ಅಜ್ಜಿ ಕೈ ಮುಗೀಲಿಲ್ವಾ?"

ಬುಚೋ ಸಾನ್ ಕೂಡ ಅದೇ ಸಭೆಯಲ್ಲಿ ಅದೇ ಮಾತು ಕೇಳಿದ್ದರು ಅಂತ ನಾನು ಹೇಳಿದೆ. ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ. ಅವಳ ಆ ನಂಬಿಕೆಯ ಮೇಲೂ ನನಗೆ ಅವತ್ತು ಸಿಟ್ಟು ಬಂತು.

ಪಾರ್ಟಿ ಟೋಕಿಯೋದ ಒಂದು ದೊಡ್ಡ ಹೋಟೆಲಿನಲ್ಲಿ, ಮಧ್ಯಾಹ್ನ. ಬಾಗಿಲಲ್ಲೇ ಒಬ್ಬ ಹುಡುಗಿ ಬುಟ್ಟಿ ಹಿಡಿದು ನಿಂತಿದ್ದಳು. ಬುಟ್ಟಿಯ ತುಂಬ ಕಾಗದದ ಮೀಸೆ. ಹಿಂದಿನ ಪಟ್ಟಿ ಕಿತ್ತು ತುಟಿಯ ಮೇಲೆ ಅಂಟಿಸಿಕೊಳ್ಳುವುದು. ಒಳಗೆ ಎಲ್ಲರಿಗೂ ಮೀಸೆ. ಸೂಟು ಹಾಕಿದ ಗಂಡಸರು, ಮುತ್ತಿನ ಸರದ ಹೆಂಗಸರು, ನಮ್ಮ ಜಯನಗರದ ಲೀಡ್, ಎಲ್ಲರೂ. ಬಿಯರ್ ಕುಡಿದು ಕುಡಿದು ಮೀಸೆಗಳು ನೆನೆದು ಜೋಲುತ್ತಿದ್ದವು, ಕೆಲವರದು ಗ್ಲಾಸಿನೊಳಕ್ಕೇ ಬಿದ್ದು ತೇಲುತ್ತಿತ್ತು. ಬಟ್ಟಲುಗಳಲ್ಲಿ ಜೋಳದ ಚಿಪ್ಸು, ಅದರ ಮೇಲೆ ಸುರಿದ ಚೀಸು ಆರಿ ಮೇಣವಾಗಿತ್ತು. ಅದರೊಳಗೆ ಯಾರೋ ಸಿಗರೇಟು ಚುಚ್ಚಿ ಆರಿಸಿದ್ದರು. ಕತ್ತೆಯ ಆಕಾರದ ಕಾಗದದ ಗೊಂಬೆಯೊಂದನ್ನು ನೇತು ಹಾಕಿದ್ದರು. ಬುಚೋ ಸಾನ್‌ರ ಮೇಲಿನ ಅಧಿಕಾರಿಯೊಬ್ಬರು ಕಣ್ಣು ಕಟ್ಟಿಕೊಂಡು ಅದಕ್ಕೆ ಕೋಲಿನಿಂದ ಹೊಡೆಯುತ್ತಿದ್ದರು, ಸುತ್ತಲೂ ಹುಡುಗಿಯರು ಚಪ್ಪಾಳೆ ತಟ್ಟುತ್ತಿದ್ದರು.

ಬುಟ್ಟಿಯ ಹುಡುಗಿ ನನಗೂ ಒಂದು ಮೀಸೆ ಕೊಡಲು ಬಂದಳು. "ಬೇಡ," ಅಂದೆ. "ಒಂದು ನಿಮಿಷ ಅಷ್ಟೇ, ಫೋಟೋಗೆ," ಎಂದು ಮುಖದ ಹತ್ತಿರಕ್ಕೇ ತಂದಳು. ಆ ಅಂಟಿನ ವಾಸನೆ ಮೂಗಿಗೆ ಬಡಿಯಿತು. ನಾನು ಅವಳ ಕೈಯನ್ನು ಸರಿಸಿದೆ, ಸ್ವಲ್ಪ ಜೋರಾಗಿಯೇ.

ವೇದಿಕೆಗೆ ಹತ್ತಿದೆವು. ಸೆನ್ಸೇ ಗೋಡೆಯನ್ನು ನೋಡುತ್ತಾ ನಿಂತರು. ಅಕ್ಕ ಮೈಕ್ ಹಿಡಿದು ಕೇಳಿದಳು, "ನಮ್ಮ ರಾಗ ಯಾರ ಫೋನಿನಲ್ಲಿದೆ?"

ಎಷ್ಟೋ ಕೈಗಳು ಮೇಲೆ ಹೋದವು. ಕೇಳದೆಯೇ ಕೆಲವರು ಬಾರಿಸಿ ತೋರಿಸಿದರು. ಅವರನ್ನು ನೋಡಿ ಇನ್ನಷ್ಟು ಜನ ಒತ್ತಿದರು. ಸಭಾಂಗಣದ ತುಂಬ ಆ ಪೀಪಿ ಸದ್ದು ಒಂದರ ಮೇಲೊಂದು ಬಿದ್ದು, ಒಂದು ಶುರುವಾಗುವಾಗ ಇನ್ನೊಂದು ಕಡಿದು, ಗೊಬ್ಬರದ ಗುಂಡಿಯ ಮೇಲೆ ನೊಣ ಎದ್ದ ಹಾಗೆ. ಜನ ನಗುತ್ತಿದ್ದರು. ಅಕ್ಕ ಕಾಯುತ್ತಾ ನಿಂತಿದ್ದಳು. ಸದ್ದು ನಿಂತ ಮೇಲೆ ಹೇಳಿದಳು. ಸೆನ್ಸೇ ಹತ್ತಿರ ಮೊದಲೇ ಬರೆಸಿಕೊಂಡು ಬಾಯಿಪಾಠ ಮಾಡಿದ್ದಳು, ಒಂದು ತಪ್ಪೂ ಇರಲಿಲ್ಲ. ತನ್ನ ತಮ್ಮನ ಬಗ್ಗೆ, ಬಿಳಿ ಬಟ್ಟೆಯ ಬಗ್ಗೆ, ಅಮ್ಮನ ಬೆರಳುಗಳ ಬಗ್ಗೆ.

ಕೆಲವರು ಮೀಸೆ ಕಿತ್ತುಕೊಂಡರು. ಬುಚೋ ಸಾನ್ ತಲೆ ತಗ್ಗಿಸಿದರು; ಅವರ ಹಿಂದೆ ಇಡೀ ಸಭೆ ತಲೆ ತಗ್ಗಿಸಿತು. ನಾವು ವಿನುಯೇತೆ ನುಡಿಸಿದೆವು, ಇಳಿಯುವ ಸಾಲಿನವರೆಗೂ, ಎಲ್ಲಿಯೂ ಅವಸರ ಮಾಡದೆ. ಒಬ್ಬ ಹೆಂಗಸು ಕಣ್ಣು ಒರೆಸಿಕೊಂಡದ್ದು ಕಂಡಿತು. ಅಕ್ಕನ ಮಾತೇ ಗೆದ್ದಿತೇನೋ ಅಂತ ನನಗೂ ಒಂದು ಕ್ಷಣ ಅನ್ನಿಸಿತು.

ಚಪ್ಪಾಳೆ ಬಂತು, ಬಹಳ ದೊಡ್ಡ ಚಪ್ಪಾಳೆ. ನಿರೂಪಕ ಮೈಕ್ ತೆಗೆದುಕೊಂಡು, ಧ್ವನಿ ತಗ್ಗಿಸಿ, "ಮನಸ್ಸು ಮುಟ್ಟಿತು, ನಿಜವಾಗಿಯೂ ಮನಸ್ಸು ಮುಟ್ಟಿತು," ಅಂದ. ಒಂದು ಉಸಿರು ಬಿಟ್ಟ. ಆಮೇಲೆ ಧ್ವನಿ ಏರಿಸಿ, "ಈಗ ಎಲ್ಲರೂ ಕಾಯ್ತಿದ್ದ ಬಿಂಗೋ ಆಟ," ಅಂದ. ನಾವು ವಾದ್ಯಗಳನ್ನು ಪೆಟ್ಟಿಗೆಗೆ ಹಾಕುವಷ್ಟರಲ್ಲಿ ಮೀಸೆಗಳು ಮತ್ತೆ ತುಟಿಗೆ ಹೋಗಿದ್ದವು. ಮೊದಲ ಬಹುಮಾನ ಗೆದ್ದವನು ಕುಣಿದ.

ವಾಪಸು ಬಸ್ಸಿನಲ್ಲಿ ಅಕ್ಕ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. "ಅವರು ತಲೆ ತಗ್ಗಿಸಿದರು," ಅಂದಳು ಒಮ್ಮೆ. ಸೆನ್ಸೇ, "ನಾವು ತಲೆ ತಗ್ಗಿಸೋದು ಬೇಗ ಎತ್ತೋದಕ್ಕೆ," ಅಂದರು.

ಇಷ್ಟಕ್ಕೇ ನಿಂತಿದ್ದರೆ ನಾನು ಬಹುಶಃ ಮರೆತುಬಿಡುತ್ತಿದ್ದೆ. ಮುಂದಿನ ವಾರ ಆಫೀಸಿನಲ್ಲಿ ತೆರೆ ನೋಡಿದರೆ ರಾಗದ ಹೆಸರು ಬದಲಾಗಿತ್ತು. ಖುಷಿಯ ಮೆಕ್ಸಿಕೋ ಅಲ್ಲ, 'ರೆಕ್ಕೆ ಒದ್ದೆಯಾಗದಿರಲಿ.' ವಿಭಾಗವೂ ಬದಲಾಗಿತ್ತು: ಅಳು ತರಿಸುವ ರಾಗಗಳು. ಕಳ್ಳಿಗಿಡದ ಚಿತ್ರ ತೆಗೆದು ಪುಟ್ಟ ದೇವದೂತನ ಚಿತ್ರ ಹಾಕಿದ್ದರು. ಕೆಳಗೆ ಚಿಕ್ಕ ಅಕ್ಷರದಲ್ಲಿ ಕಥೆ: ತಮ್ಮ, ಬಿಳಿ ಬಟ್ಟೆ, ತಾಯಿಯ ಸುಟ್ಟ ಬೆರಳು. ಎಲ್ಲವೂ ಅಕ್ಕ ವೇದಿಕೆಯಲ್ಲಿ ಹೇಳಿದ ಮಾತುಗಳೇ, ಒಂದು ತಪ್ಪೂ ಇಲ್ಲದೆ. ರಾಗ ಮಾತ್ರ ಹಾಗೆಯೇ ಇತ್ತು, ಅದೇ ವೇಗ, ಅದೇ ಟಿಕ್ ಟಿಕ್, ಅದೇ ಜಾಗದಲ್ಲಿ ಕಡಿತ.

"ನಿಮ್ಮ ಮಾತು ಕೇಳಿ ಸರಿಪಡಿಸಿದೀವಿ," ಅಂದರು ಬುಚೋ ಸಾನ್. ಅವರಿಗೆ ನಿಜಕ್ಕೂ ಸಂತೋಷವಾಗಿತ್ತು. "ಮೊದಲಿಗಿಂತ ಹೆಚ್ಚು ಜನ ತಗೊಳ್ತಿದಾರೆ. ಅರಿಗಾತೋ."

ಮೀಸೆಗಿಂತ ನನಗೆ ಹೇಸಿಗೆಯಾದದ್ದು ಇದು. ಮೀಸೆ ಅಂಟಿಸಿದವರಿಗೆ ಗೊತ್ತಿರಲಿಲ್ಲ. ಇವರಿಗೆ ಗೊತ್ತಾಗಿತ್ತು, ಗೊತ್ತಾದದ್ದನ್ನೂ ಅಂಗಡಿಗೆ ಇಟ್ಟರು. ನಿಂತಲ್ಲೇ ಆತನ ಸ್ವಚ್ಛವಾದ ಕಾಲರನ್ನು, ಹೊಳೆಯುವ ಕನ್ನಡಕವನ್ನು, ಆ ನಿಜವಾದ ನಗುವನ್ನು ನೋಡಿದೆ. ಪಾಯಿಖಾನೆಗೆ ಹೋಗಿ ವಾಂತಿ ಮಾಡಿಕೊಂಡೆ. ಪಕ್ಕದ ಕೋಣೆಯಲ್ಲಿ ಯಾರದೋ ಫೋನು ಬಾರಿಸಿದ್ದರೆ ನಾನು ಬಾಗಿಲು ಒಡೆಯುತ್ತಿದ್ದೆನೋ ಏನೋ. ಸದ್ಯ, ಬಾರಿಸಲಿಲ್ಲ.

ಬೆಂಗಳೂರಿನ ನಮ್ಮ ಕಂಪನಿಗೆ ಫೋನು ಮಾಡಿ ಈ ಕೆಲಸ ಬೇಡವೆಂದೆ. ಬೇರೆ ಪ್ರಾಜೆಕ್ಟ್ ಇಲ್ಲ, ವಾಪಸು ಬರಬೇಕಾಗುತ್ತದೆ, ಎಂದರು. ಹಾಗಾದರೆ ಬಿಟ್ಟೆ ಅಂದೆ. ಲೀಡ್, "ಒಂದು ರಿಂಗ್‌ಟೋನಿಗಾಗಿ ಕೆಲಸ ಬಿಟ್ರು ಅಂತ ಹೇಳಿದ್ರೆ ಯಾರಾದ್ರೂ ನಂಬ್ತಾರಾ ಮೇಡಂ?" ಅಂದ. ನಂಬುವ ಅಗತ್ಯವಿಲ್ಲ ಅಂದೆ. ನಮ್ಮ ಯಜಮಾನರು, "ಬಸ್ಸಿನ ಗೋಳು ತಪ್ಪಿತು ಬಿಡು," ಅಂದರು. ಅವರ ವೀಸಾದ ಮೇಲೆ ಮನೆಯಲ್ಲಿ ಉಳಿದೆ.

ಹೆಸರು ಬದಲಾಯಿಸಿದ ಸಂಗತಿಯನ್ನು ಅಕ್ಕನಿಗೆ ಹೇಳಲೋ ಬೇಡವೋ ಎಂದು ಬಹಳ ಒದ್ದಾಡಿದೆ. ಕೊನೆಗೆ ಬಟ್ಟೆ ಒಣಗಿಸುವ ಮೆಷಿನ್ನುಗಳ ಕೋಣೆಯಲ್ಲಿ ಹೇಳಿದೆ. ಅವಳು ಬಿಸಿ ಟವೆಲುಗಳನ್ನು ಮಡಿಸುತ್ತಿದ್ದಳು. ಮಡಿಸುವುದನ್ನು ನಿಲ್ಲಿಸಲಿಲ್ಲ.

"ಬೆರಳಿನ ವಿಷಯಾನೂ ಹಾಕಿದಾರಾ?"

"ಹಾಕಿದಾರೆ."

"ಅದನ್ನ ನಾನು ಹೇಳಬಾರದಿತ್ತು," ಅಂದಳು. "ಅದು ಅಮ್ಮಂದು." ಅಷ್ಟೇ. ಒಂದು ಟವೆಲನ್ನು ಮಡಿಸಿ, ಬಿಚ್ಚಿ, ಮತ್ತೆ ಮಡಿಸಿದಳು. ನನ್ನ ಹೇಸಿಗೆಗೆ ಅವತ್ತು ಒಂದು ಹಿಡಿ ದುಃಖ ಬೆರೆಯಿತು, ಆದರೆ ಕಡಿಮೆಯಾಗಲಿಲ್ಲ.

ಅಭ್ಯಾಸ ಮುಂದುವರೆಯಿತು. ಒಂದು ಶನಿವಾರ ಅವಳೇ ವಿನುಯೇತೆ ಬೇಕೆಂದಳು. ನಾನು ನುಡಿಸಿದೆ. ಇಳಿಯುವ ಸಾಲಿಗೆ ಮುಂಚೆ ನನ್ನ ಬೆರಳು ತಾನಾಗಿ ಮೊದಲಿಗೆ ಹಾರಿತು, ರಿಂಗ್‌ಟೋನ್ ಹಾರುವ ಜಾಗದಲ್ಲೇ. ಮತ್ತೆ ನುಡಿಸಿದೆ, ಮತ್ತೆ ಹಾರಿತು. ನನ್ನ ಕೈಯ ಮೇಲೇ ನನಗೆ ಅಸಹ್ಯವಾಯಿತು. ಕಮಾನು ಕೆಳಗಿಟ್ಟು ಸೀರೆಯ ಸೆರಗಿನಲ್ಲಿ ಬೆರಳು ತಿಕ್ಕಿಕೊಂಡೆ, ಏನೋ ಅಂಟಿದ ಹಾಗೆ. ಸೆನ್ಸೇ ಎದ್ದುಹೋಗಿ ಕಿಟಕಿ ತೆಗೆದರು. ಅಕ್ಕ ನನ್ನ ಪಕ್ಕ ನೆಲಕ್ಕೆ ಕೂತಳು. "ಇದನ್ನ ಸ್ವಲ್ಪ ದಿನ ಬಿಡೋಣ. ಕುಣಿಯೋದನ್ನ ನುಡಿಸು," ಎಂದು ಹರಾನಾ ಎತ್ತಿಕೊಂಡಳು. ಕುಣಿಯುವುದನ್ನೇ ನುಡಿಸಿದೆವು. ಅವಳು ಎದ್ದು ಹಲಗೆಯ ಮೇಲೆ ಹೆಜ್ಜೆ ಹಾಕಿದಳು, ಹೊರಗಿನ ರಸ್ತೆಗೂ ಕೇಳಿಸುವಷ್ಟು ಜೋರಾಗಿ, ಮುಖದಲ್ಲಿ ಒಂದಿಷ್ಟೂ ನಗುವಿಲ್ಲದೆ.

ಅವಳ ಅವಧಿ ವಸಂತದಲ್ಲಿ ಮುಗಿಯಿತು. ಕೊನೆಯ ಶನಿವಾರ ನಮ್ಮ ಸಮಯ ಮುಗಿಯುವ ಮೊದಲೇ ಮುಂದಿನ ಗುಂಪು ಬಂದು ಬಾಗಿಲಲ್ಲಿ ನಿಂತಿತ್ತು. ಹವಾಯಿಯ ಹೂಲಾ ಕುಣಿತ ಕಲಿಯುವ ನಡುವಯಸ್ಸಿನ ಹೆಂಗಸರು, ಚಳಿ ಕೋಟಿನೊಳಗೆ ಹೂವಿನ ಲಂಗ. ಸೆನ್ಸೇ ಅವರನ್ನು ಒಳಗೆ ಕರೆದು ಕೂರಿಸಿದರು. ಅವರು ನೆಲದ ಮೇಲೆ ಸಾಲಾಗಿ ಕೂತು ನಮ್ಮ ಕೊನೆಯ ಹಾಡು ಕೇಳಿದರು. ಮುಗಿದ ಮೇಲೆ ಒಬ್ಬರು, ಇದು ಯಾವ ದೇಶದ್ದು ಎಂದು ಕೇಳಿದರು. ಅಕ್ಕ, "ಹುಆಸ್ತೇಕಾ," ಎಂದಳು. ಮೆಕ್ಸಿಕೋ ಎಂಬ ಹೆಸರನ್ನೇ ಹೇಳಲಿಲ್ಲ. ಆಕೆ ಹಾಗೊಂದು ದೇಶ ಇದೆಯೇನೋ ಎಂಬಂತೆ ತಲೆಯಾಡಿಸಿದರು. ನಾವು ಕುರ್ಚಿಗಳನ್ನು ಗೋಡೆಗೆ ಸರಿಸಿ ಜಾಗ ಬಿಟ್ಟುಕೊಟ್ಟೆವು.

ಆಮೇಲೆ ನಾನೂ ಸೆನ್ಸೇಯೂ ಹರಾನಾ ಇಲ್ಲದೆ ಕೆಲವು ವಾರ ಪ್ರಯತ್ನ ಮಾಡಿ ಕೈಬಿಟ್ಟೆವು. ಯಜಮಾನರಿಗೆ ಸೆಂಡಾಯ್ ಊರಿನ ವಿಶ್ವವಿದ್ಯಾಲಯದಲ್ಲಿ ಕೆಲಸವಾಗಿ ನಾವು ಆ ಊರು ಬಿಟ್ಟೆವು. ಅಕ್ಕ ತನ್ನ ಊರಿನಲ್ಲಿ ಹಗಲು ಕಟ್ಟಡಗಳ ಬಿರುಕು ನೋಡಿ, ಸಂಜೆ ಮಕ್ಕಳಿಗೆ ಪಿಟೀಲು ಹಿಡಿಯುವುದನ್ನು ಕಲಿಸುತ್ತಾಳೆ. ಎದೆಗೆ ಒತ್ತಿ ಹಿಡಿದರೂ ಸರಿ, ಕಾಲಿಗೆ ಊರಿದರೂ ಸರಿ ಅನ್ನುತ್ತಾಳಂತೆ. ರಿಂಗ್‌ಟೋನಿನ ಕಾಲವೂ ಬೇಗ ಮುಗಿಯಿತು. ಆ ಫೋನುಗಳು ಈಗ ಎಲ್ಲಿ ಕೊಳೆಯುತ್ತಿವೆಯೋ. ಈ ಹೇಸಿಗೆ ಹೋಗಲಿ ಅಂತ ನನಗೆ ಒಬ್ಬರು ಧ್ಯಾನ ಮಾಡಲು ಹೇಳಿದ್ದರು. ನಾನು ಮಾಡಲಿಲ್ಲ. ಎಲ್ಲದಕ್ಕೂ ತಲೆಯಾಡಿಸಿ, 'ಮನಸ್ಸು ಮುಟ್ಟಿತು' ಅಂದು ಮುಂದಕ್ಕೆ ಹೋಗುವವರು ಬೇಕಾದಷ್ಟು ಜನ ಇದ್ದಾರೆ.